ಒಲೆ ಹಚ್ಚದಿದ್ದರೂ ಸೌದೆ ಗಾಳಿ ಕೆಡಿಸುತ್ತದೆ

ಒಲೆ ಹೊಗೆಯಿಂದ ಹೆಂಗಸರ ಶ್ವಾಸಕೋಶಕ್ಕೆ ಆಗುವ ಹಾನಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹಲವು ಹೊಗೆಯ ಮಾತನ್ನೇ ಎತ್ತಿಲ್ಲ. ಸೌದೆಯನ್ನು ಎಲ್ಲಿ ಒಟ್ಟಬೇಕು, ಒಟ್ಟಿದ ಜಾಗದಲ್ಲಿ ಯಾಕೆ ಮುಗ್ಗಲು ನಾತ, ಅಲ್ಲಿಗೆ ಹೋಗಿಬಂದರೆ ಯಾಕೆ ಕೆಮ್ಮು ಎಂದು ಕೇಳಿವೆ. ಮಂಡ್ಯದ ಹಳ್ಳಿಗಳಲ್ಲಿ ಅಡುಗೆ ಗ್ಯಾಸಿಗೆ ಬಂದು ವರ್ಷಗಳಾದರೂ ಎಷ್ಟೋ ಮನೆಗಳಲ್ಲಿ ಸ್ನಾನದ ನೀರು ಇನ್ನೂ ಹಂಡೆಯಲ್ಲೇ ಕಾಯುತ್ತದೆ. ಮೈಸೂರಿನ ಹಳೇ ಮೊಹಲ್ಲಾಗಳ ಹಿತ್ತಲ ಬಚ್ಚಲುಗಳಲ್ಲೂ ನೀರೊಲೆ ಉಳಿದಿದೆ. ಒಲೆ ಇದ್ದ ಮೇಲೆ ಸೌದೆ ರಾಶಿಯೂ ಇರಲೇಬೇಕಲ್ಲ. ಈ ಸಲದ ಅಂಕಣವನ್ನು ಪೂರ್ತಿ ಆ ರಾಶಿಗೇ ಬಿಟ್ಟಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರಮ್ಮ, ನಮ್ಮದು ಮದ್ದೂರು ತಾಲ್ಲೂಕು. ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ್ದೀವಿ. ಮಳೇಲಿ ನೆನೀಬಾರದು ಅಂತ ಸೌದೆ, ತೆಂಗಿನ ಮಟ್ಟೆ, ಬೆರಣಿ ಎಲ್ಲ ಒಳಗಡೆ ಮೆಟ್ಟಿಲ ಕೆಳಗೆ ಒಟ್ಟಿರ್ತೀವಿ. ಅದರ ಪಕ್ಕದಲ್ಲೇ ಮಗ ಮಲಗೋ ರೂಮು. ಹೋದ ಮಳೆಗಾಲದಿಂದ ಅವನಿಗೆ ರಾತ್ರಿ ಕೆಮ್ಮು, ಉಬ್ಬಸ, ಬೆಳಗ್ಗೆ ಎದ್ದರೆ ಮೂಗು ಸೋರುತ್ತೆ. ಅಜ್ಜಿ ಮನೆಗೆ ಹೋದರೆ ಏನೂ ಇರಲ್ಲ. ಒಲೆ ಉರಿಸೋದು ಹಿಂದಿನ ಬಚ್ಚಲಲ್ಲಿ, ಹೊಗೆ ಮನೆಯೊಳಕ್ಕೆ ಬರಲ್ಲ. ನಮ್ಮತ್ತೆ ‘ನಾವು ಅಟ್ಟದ ತುಂಬ ಸೌದೆ ಇಟ್ಕೊಂಡೇ ಬಾಳಿದೋರು, ಆಗ ಬರದ ಕಾಯಿಲೆ ಈಗ ಎಲ್ಲಿಂದ ಬಂತು’ ಅಂತಾರೆ. ಸೌದೆಯಿಂದ ಹೀಗಾಗುತ್ತಾ?

ಉತ್ತರ: ಆಗುತ್ತದೆ, ತಾಯಿ. ಅಜ್ಜಿ ಮನೆಗೆ ಹೋದರೆ ಏನೂ ಇರಲ್ಲ ಎಂದು ಬರೆದಿದ್ದೀರಲ್ಲ, ನಾನು ಹಿಡಿದುಕೊಂಡಿದ್ದು ಆ ಮಾತನ್ನೇ. ಮನೆ ಬಿಟ್ಟರೆ ಇಳಿದು, ಮನೆಗೆ ಬಂದರೆ ಏಳುವ ಕೆಮ್ಮಾದರೆ ಮೊದಲ ಅನುಮಾನ ಮನೆಯ ಗಾಳಿಯ ಮೇಲೇ ಬರಬೇಕು.

ನಿಮ್ಮತ್ತೆಯವರ ಮಾತೂ ಸುಳ್ಳಲ್ಲ. ಅವರ ಕಾಲದ ಅಟ್ಟ ಇದ್ದದ್ದು ಒಲೆಯ ನೇರ ಮೇಲೆ. ಬೆಳಗ್ಗೆ ಸಂಜೆ ಒಲೆ ಉರಿದಾಗಲೆಲ್ಲ ಬಿಸಿಗಾಳಿ, ಹೊಗೆ ಆ ಸೌದೆಯ ಸಂದಿಯಲ್ಲಿ ನುಗ್ಗಿ ಹೆಂಚಿನ ಬಿರುಕುಗಳಿಂದ ಆಚೆ ಹೋಗುತ್ತಿತ್ತು. ಸೌದೆ ಗರಿಗರಿಯಾಗಿ ಒಣಗಿರುತ್ತಿತ್ತು, ಬೂಷ್ಟು ಕಟ್ಟಲು ಅದಕ್ಕೆ ತೇವವೇ ಸಿಗುತ್ತಿರಲಿಲ್ಲ. ಆ ಹೊಗೆ ಸೌದೆಗೆ ಒಳ್ಳೆಯದು ಮಾಡಿತು, ಅದನ್ನು ಕುಡಿದ ಹೆಂಗಸರಿಗಲ್ಲ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ ಕೂರುತ್ತಾರೋ ಅದನ್ನು ಒಲೆ ಉರಿಸಿದ ವರ್ಷಗಳಿಂದ ಗುಣಿಸಬೇಕು. ಹಾಗೆ ಗುಣಿಸಿ ಬಂದ ಅಂಕಿ 60 ದಾಟಿದವರಲ್ಲಿ ವರ್ಷಗಟ್ಟಲೆ ಬಿಡದ ಕಫದ ಕೆಮ್ಮು ಎದ್ದು ಕಾಣುವಷ್ಟು ಹೆಚ್ಚು. ನಿಮ್ಮತ್ತೆ ದಿನಕ್ಕೆ 3 ಗಂಟೆಯಂತೆ 30 ವರ್ಷ ಕೂತಿದ್ದರೆ 90 ಆಯಿತು. ಮಗನನ್ನು ತೋರಿಸಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಸ್ಪೈರೋಮೆಟ್ರಿ ಅಂತ ಊದುವ ಪರೀಕ್ಷೆ ಇದೆ, ನೋವಿಲ್ಲ, ಸೂಜಿಯಿಲ್ಲ, ಮಾಡಿಸಿ.

ಈಗ ನಿಮ್ಮ ಮೆಟ್ಟಿಲ ಕೆಳಗಿನ ಜಾಗಕ್ಕೆ ಬರೋಣ. ಅಲ್ಲಿ ಒಲೆಯ ಬಿಸಿ ಇಲ್ಲ, ಹೆಂಚಿನ ಸಂದಿಯೂ ಇಲ್ಲ. ಸುತ್ತ ಸಿಮೆಂಟ್ ಗೋಡೆ, ಮೇಲೆ ಸ್ಲ್ಯಾಬು. ಆಗತಾನೆ ಕಡಿದ ಸೌದೆಯ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರು. ಚೆನ್ನಾಗಿ ಉರಿಯಬೇಕಾದರೆ ಆ ನೀರು ತೂಕದ ಐದನೇ ಒಂದು ಭಾಗಕ್ಕಾದರೂ ಇಳಿಯಬೇಕು. ಹಾಗೆ ನೋಡಿದರೆ 100 ಕೆಜಿ ಹಸಿ ಸೌದೆ ಒಳಗಿಟ್ಟರೆ ಅದು ಒಣಗುವ ಹೊತ್ತಿಗೆ ಸುಮಾರು 37 ಲೀಟರ್ ನೀರು ಆವಿಯಾಗಿ ಮನೆಯ ಗಾಳಿಗೆ ಸೇರಿರುತ್ತದೆ. ಎರಡು ಬಿಂದಿಗೆಗೂ ಮಿಗಿಲು. ಅಷ್ಟೂ ತೇವ ಗೋಡೆಗೆ, ರಾಶಿಯ ಅಡಿಗೆ, ಪಕ್ಕದ ರೂಮಿನ ಹಾಸಿಗೆ ದಿಂಬಿಗೆ ಹೋಗಿ ಕೂರುತ್ತದೆ. ತೆಂಗಿನ ಮಟ್ಟೆಯ ನಾರು, ಬೆರಣಿ ಇನ್ನೂ ಮೋಸ. ಬಿಸಿಲಲ್ಲಿ ಒಣಗಿಸಿ ತಂದಿಟ್ಟರೂ ಮಳೆಗಾಲದ ತೇವವನ್ನು ಮತ್ತೆ ಹೀರಿಕೊಳ್ಳುತ್ತವೆ.

ಒಂದು ಕೆಲಸ ಮಾಡಿ. ರಾಶಿಯ ಅಡಿಯಿಂದ ಒಂದು ಸೀಳು ಎಳೆದು ಅಂಗಳಕ್ಕೆ ತನ್ನಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗಾಳಿಗೆ ಬೆನ್ನು ಮಾಡಿ ನಿಂತು, ತೊಗಟೆಯನ್ನು ಕುಡುಗೋಲಿನ ತುದಿಯಿಂದ ಎಬ್ಬಿಸಿ. ತೊಗಟೆಗೂ ಮರಕ್ಕೂ ನಡುವೆ ಬಿಳೀ ಎಳೆಗಳು ಹರಡಿರುತ್ತವೆ, ಅಲ್ಲಲ್ಲಿ ಬೂದು ಹಸಿರು ಪುಡಿ ಕೂತಿರುತ್ತದೆ. ಬಿಸಿಲಿಗೆ ಹಿಡಿದು ಮೆಲ್ಲಗೆ ತಟ್ಟಿದರೆ ಆ ಪುಡಿ ಏಳುತ್ತದೆ, ಎದ್ದದ್ದು ಬೇಗ ಕೆಳಗಿಳಿಯುವುದಿಲ್ಲ. ಅದು ಬೂಷ್ಟಿನ ಬೀಜಕಣ. ಒಂದು ಮಿಲಿಮೀಟರನ್ನು 300 ಭಾಗ ಮಾಡಿದರೆ ಒಂದು ಭಾಗದಷ್ಟು ಸಣ್ಣದು, ಮೂಗಿನ ಕೂದಲಿಗೆ ಸಿಕ್ಕದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ನೀವು ದಿನಾ ಬೆಳಗ್ಗೆ ಹಂಡೆ ಒಲೆಗೆ ಸೌದೆ ಎಳೆಯುವಾಗಲೆಲ್ಲ ಈ ಪುಡಿ ಎದ್ದು ಮಗನ ರೂಮಿನ ಬಾಗಿಲ ಸಂದಿಯಿಂದ ಒಳಗೆ ಹೋಗುತ್ತಿದೆ.

ಎಲ್ಲರಿಗೂ ಇದರಿಂದ ಕಾಯಿಲೆ ಬರುವುದಿಲ್ಲ. ಅಲರ್ಜಿಯ ಗುಣ ಇರುವ ಮಕ್ಕಳಿಗೆ ಬರುತ್ತದೆ. ಆಸ್ತಮಾ ಇರುವ ಕೆಲವರಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಶ್ವಾಸನಾಳದ ಕಫದಲ್ಲೇ ಬೇರೂರಿ, ಕಂದುಬಣ್ಣದ ಗಟ್ಟಿ ಕಫದ ಉಂಡೆಗಳು ಬರುವಂತೆ ಮಾಡುತ್ತದೆ. ಅದಕ್ಕೆ ಚಿಕಿತ್ಸೆ ಕೊಡಿಸದೆ ಬಿಟ್ಟರೆ ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ ಹಾಳಾಗುತ್ತವೆ. ನಮ್ಮಲ್ಲಿ ಎಕ್ಸ್‌ರೇ ನೋಡಿ ಟಿಬಿ ಎಂದುಕೊಂಡು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಸುವುದೂ ಉಂಟು. ಹಾಗಾಗಿ ಮಗನನ್ನು ಶ್ವಾಸಕೋಶದ ವೈದ್ಯರಿಗೆ ತೋರಿಸುವಾಗ ಸೌದೆ ಒಟ್ಟಿರುವ ವಿಷಯವನ್ನು ನೀವಾಗಿಯೇ ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ. ರಕ್ತದಲ್ಲಿ ಅಲರ್ಜಿಯ ಗುರುತಾದ ಐಜಿಇ ನೋಡಬೇಕೇ ಎಂದು ಅವರು ತೀರ್ಮಾನಿಸುತ್ತಾರೆ. ಇನ್ಹೇಲರ್ ಕೊಟ್ಟರೆ ಹೆದರಿ ನಿಲ್ಲಿಸಬೇಡಿ.

ಸೌದೆಯನ್ನು ಈ ವಾರವೇ ಆಚೆ ಹಾಕಿ. ಹಿತ್ತಲ ಗೋಡೆಗೆ ಒಂದು ಜಿಂಕ್ ಶೀಟಿನ ಇಳಿಜಾರು ಮಾಡಿಸಿದರೆ ಸಾಕು, ಪಕ್ಕಗಳನ್ನು ಮುಚ್ಚಬೇಡಿ. ಕೆಳಗೆ ಇಟ್ಟಿಗೆ ಸಾಲು ಹಾಕಿ ಅದರ ಮೇಲೆ ಒಟ್ಟಿ, ಗೋಡೆಗೂ ರಾಶಿಗೂ ನಡುವೆ ಕೈ ತೂರುವಷ್ಟು ಸಂದಿ ಬಿಡಿ. ಮಳೆಗೆ ಹೆದರಿ ಇಡೀ ರಾಶಿಗೆ ಟಾರ್ಪಲ್ ಸುತ್ತುವವರಿದ್ದಾರೆ. ಅದು ತೇವವನ್ನು ಒಳಗೇ ಕೂಡಿಹಾಕುತ್ತದೆ, ತಲೆಯ ಮೇಲೆ ಮಾತ್ರ ಹೊದಿಸಿ. ಸೌದೆಯನ್ನು ಸೀಳಿಸುವುದು ಶಿವರಾತ್ರಿ ಆಸುಪಾಸಿನಲ್ಲೇ ಆಗಲಿ, ಏಪ್ರಿಲ್ ಮೇ ಬಿಸಿಲು ಪೂರ್ತಿ ಸಿಗುತ್ತದೆ. ಉಂಡೆ ದಿಮ್ಮಿ ಒಣಗಲು ವರ್ಷ ಹಿಡಿದರೂ ಆಶ್ಚರ್ಯವಿಲ್ಲ, ಸೀಳಿದ್ದು ಬೇಗ ಒಣಗುತ್ತದೆ. ಒಣಗಿದ ಸೌದೆಯ ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ, ಎರಡು ತುಂಡು ತಟ್ಟಿದರೆ ಠಣ್ ಎನ್ನುತ್ತದೆ. ಮನೆಯೊಳಕ್ಕೆ ಅವತ್ತಿನ ಸೌದೆ ಅವತ್ತು ಮಾತ್ರ ಬರಲಿ.

ಖಾಲಿ ಮಾಡುವ ದಿನ ಮಗ ಮನೆಯಲ್ಲಿರುವುದು ಬೇಡ. ಪೊರಕೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಸೌದೆ ಸಾಗಿಸುವವರು ಎನ್-95 ಮಾಸ್ಕ್ ಹಾಕಿಕೊಳ್ಳಲಿ. ತಲೆಗೆ ಸುತ್ತುವ ಟವಲ್ಲು ಅಂಗಳದಲ್ಲಿ ಒಂದು ಸೀಳು ನೋಡಲು ಸಾಕಾದೀತು, ಇಡೀ ರಾಶಿಯ ಪುಡಿಯನ್ನು ತಡೆಯುವುದಿಲ್ಲ. ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣ ಹೊಡೆಸಿ. ತೇವ ಇರುವಾಗಲೇ ಪೇಂಟ್ ಬಳಿದು ಮುಚ್ಚಿದರೆ ಬೂಷ್ಟು ಪೇಂಟಿನ ಹಿಂದೆ ಬೆಳೆಯುತ್ತದೆ.

ಪ್ರಶ್ನೆ: ಸೌದೆಗೆ ಗೆದ್ದಲು ಹತ್ತಿತ್ತು. ಅಂಗಡಿಯವರು ಕೊಟ್ಟ ಔಷಧಿ ಹೊಡೆದೆವು. ಈಗ ಆ ಸೌದೆ ಉರಿಸಬಹುದೇ? ಕೊಠಡಿಯಲ್ಲಿ ಇನ್ನೂ ವಾಸನೆ ಇದೆ. (ಕೆ.ಆರ್. ಪೇಟೆ)

ಉತ್ತರ: ಉರಿಸಬೇಡಿ, ಒಳಗೂ ಇಡಬೇಡಿ. ಗೆದ್ದಲಿಗೆ ಕೊಡುವ ಕ್ಲೋರ್‌ಪೈರಿಫಾಸ್‌ನಂಥ ಔಷಧಿ ನರಗಳಿಗೆ ವಿಷ. ಮುಚ್ಚಿದ ಕೋಣೆಯಲ್ಲಿ ಅದರ ಆವಿ ದಿನಗಟ್ಟಲೆ ನಿಲ್ಲುತ್ತದೆ, ಉರಿಸಿದರೆ ಹೊಗೆಯಲ್ಲಿ ಬರುತ್ತದೆ. ಆ ಸೌದೆಯನ್ನು ಜನ, ದನ ಓಡಾಡದ ಕಡೆ ಹಾಕಿ, ಕೊಠಡಿಯ ಕಿಟಕಿ ಬಾಗಿಲು ತೆರೆದಿಡಿ. ಡಬ್ಬಿಯ ಚೀಟಿ ಎಸೆಯದೆ ಇಟ್ಟುಕೊಳ್ಳಿ. ಯಾರಿಗಾದರೂ ಜೊಲ್ಲು ಸುರಿದು, ಬೆವರಿ, ಕಣ್ಣು ಮಂಜಾದರೆ ಅದರ ಸಮೇತ ಆಸ್ಪತ್ರೆಗೆ ಹೋಗಿ. ಗೆದ್ದಲು ಬರುವುದು ನೆಲದಿಂದ. ಸೌದೆಯನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟರೆ ಅದರ ದಾರಿ ಕಣ್ಣಿಗೆ ಬೀಳುತ್ತದೆ, ಕೆರೆದು ಹಾಕಬಹುದು.

ಪ್ರಶ್ನೆ: ನಾವು ಮೈಸೂರಿನಲ್ಲಿ ಮದುವೆ ಅಡುಗೆ ಕಂಟ್ರಾಕ್ಟ್ ಮಾಡುವವರು. ಗ್ಯಾಸಿನ ಖರ್ಚು ತಡೆಯಲಾಗದೆ ಪೆಲೆಟ್ ಒಲೆಗೆ ಬದಲಾಯಿಸಿದೆವು. ಟನ್ನುಗಟ್ಟಲೆ ಪೆಲೆಟ್ ತರಿಸಿ ಬಾಡಿಗೆಗೆ ಹಿಡಿದ ಒಂದು ನೆಲಮಾಳಿಗೆಯಲ್ಲಿ ಚೀಲ ಜೋಡಿಸಿದ್ದೇವೆ. ಹೊಸ ಲೋಡು ಬಂದಾಗೆಲ್ಲ ಚೀಲ ಎತ್ತಲು ಇಳಿಯುವ ಹುಡುಗರು ತಲೆನೋವು, ವಾಕರಿಕೆ ಎಂದು ಮೇಲೆ ಬರುತ್ತಾರೆ. ಅಲ್ಲಿ ಬೆಂಕಿಯಿಲ್ಲ, ಗ್ಯಾಸ್ ಸಿಲಿಂಡರ್ ಇಲ್ಲ. ಸೆಕೆಗೆ ಹೀಗಾಗುತ್ತಿದೆಯೇ?

ಉತ್ತರ: ಸೆಕೆ ಎಂದು ತಳ್ಳಿಹಾಕಬೇಡಿ. ಇವತ್ತಿನಿಂದಲೇ ಆ ನೆಲಮಾಳಿಗೆಗೆ ಯಾರನ್ನೂ ಒಬ್ಬೊಬ್ಬರನ್ನಾಗಿ ಇಳಿಸಬೇಡಿ.

ಪೆಲೆಟ್ ಎಂದರೆ ಮರದ ಪುಡಿ, ಕಡಲೆಕಾಯಿ ಸಿಪ್ಪೆ ಇಂಥವನ್ನು ಯಂತ್ರದಲ್ಲಿ ಒತ್ತಿ ತೆಗೆದ ಗಟ್ಟಿ ತುಂಡುಗಳು. ಮರದಲ್ಲಿ ಸ್ವಾಭಾವಿಕವಾಗಿ ಎಣ್ಣೆಯಂಶ, ಅಂಟಿನಂಶ ಇರುತ್ತದೆ. ದಿಮ್ಮಿಯಲ್ಲಿ ಅದು ಒಳಗೆ ಅಡಗಿರುತ್ತದೆ. ಪುಡಿ ಮಾಡಿ, ಬಿಸಿಯಲ್ಲಿ ಒತ್ತಿದಾಗ ಅದೆಲ್ಲ ಗಾಳಿಗೆ ತೆರೆದುಕೊಳ್ಳುತ್ತದೆ, ಗಾಳಿಯ ಆಮ್ಲಜನಕವನ್ನು ಹೀರಿ ತಾನಾಗಿಯೇ ಕೆಡಲು ಶುರುವಾಗುತ್ತದೆ. ಕೆಡುವಾಗ ಹೆಕ್ಸನಾಲ್‌ನಂಥ ಕಮಟು ವಾಸನೆಯ ಆವಿ ಬರುತ್ತದೆ, ಅದರ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೂಡ. ಬೆಂಕಿಯ ಕಿಡಿಯೂ ಬೇಕಿಲ್ಲ. ಕಮಟು ವಾಸನೆ ಮೂಗಿಗೆ ಸಿಗುತ್ತದೆ, ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಜೊತೆಗೆ ಮುಚ್ಚಿದ ಜಾಗದಲ್ಲಿ ಆಮ್ಲಜನಕವೂ ಇಳಿಯುತ್ತದೆ. ಹೊಸ ಪೆಲೆಟ್ ಬಂದ ಮೊದಲ ವಾರಗಳಲ್ಲಿ ಇದು ಹೆಚ್ಚು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹೊಸ ಲೋಡು ಬಂದಾಗಲೇ ಹುಡುಗರಿಗೆ ತಲೆನೋವು ಬರುತ್ತದೆ ಎಂದಿದ್ದೀರಿ, ಅದಕ್ಕೆ ಇದು ಸರಿಹೊಂದುತ್ತದೆ.

ಯೂರೋಪಿನಲ್ಲಿ ಚಳಿಗೆ ಮನೆ ಬಿಸಿ ಮಾಡಲು ಪೆಲೆಟ್ ಬಳಸುತ್ತಾರೆ, ಅಲ್ಲಿ ಇದರಿಂದ ಸಾವುಗಳಾಗಿವೆ. 2006ರ ನವೆಂಬರಿನಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್ ಬಂದರಿನಲ್ಲಿ ಪೆಲೆಟ್ ಇಳಿಸುತ್ತಿದ್ದ ಹಡಗಿನ ಮೆಟ್ಟಿಲ ಓಣಿಗೆ ಇಳಿದ ನಾವಿಕನೊಬ್ಬ ಸತ್ತ. ಅವನನ್ನು ಎತ್ತಲು ಹೋದವರೂ ಅಸ್ವಸ್ಥರಾದರು. 2011ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ವಸತಿ ಕಟ್ಟಡಗಳಿಗೆ ಬಿಸಿ ಒದಗಿಸುವ ಪೆಲೆಟ್ ಕೋಣೆಗೆ ಹೋದ ಒಬ್ಬ ಗರ್ಭಿಣಿ ತೀರಿಕೊಂಡಳು. ಇವು ನಿಮಗಿಂತ ಎಷ್ಟೋ ಪಾಲು ದೊಡ್ಡ ದಾಸ್ತಾನು, ಅಲ್ಲಿಯ ಪೈನ್ ಮರದಲ್ಲಿ ಅಂಟಿನಂಶವೂ ಜಾಸ್ತಿ. ನಿಮ್ಮ ಚೀಲಗಳಿಂದ ಅಷ್ಟೇ ಅಪಾಯ ಎಂದು ನಾನು ಹೇಳುವುದಿಲ್ಲ. ಆದರೆ ಗಾಳಿಯಾಡದ ನೆಲಮಾಳಿಗೆಯಲ್ಲಿ ಟನ್ನುಗಟ್ಟಲೆ ಪೆಲೆಟ್, ಇಳಿದವರಿಗೆಲ್ಲ ಒಂದೇ ಥರದ ತಲೆನೋವು, ಇವೆರಡು ಒಟ್ಟಿಗೆ ಕಂಡ ಮೇಲೆ ಪರೀಕ್ಷಿಸದೆ ಬಿಡುವಂತಿಲ್ಲ.

ಇನ್ನೊಂದನ್ನು ನೀವು ಬರೆದಿಲ್ಲ. ಆ ಕಟ್ಟಡದ ಡೀಸೆಲ್ ಜನರೇಟರ್ ಎಲ್ಲಿದೆ? ನೆಲಮಾಳಿಗೆಯಲ್ಲೋ ಅದರ ಗಾಳಿಕಿಂಡಿ ಪಕ್ಕದಲ್ಲೋ ಇದ್ದರೆ ಅದರ ಹೊಗೆಯೂ ಮಾನಾಕ್ಸೈಡ್ ತರುತ್ತದೆ. ಎರಡನ್ನೂ ನೋಡಬೇಕು.

ಮಾನಾಕ್ಸೈಡ್ ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಹಾಕಿ ‘98 ಇದೆ, ಚೆನ್ನಾಗಿದ್ದಾನೆ’ ಎಂದು ಹುಡುಗನನ್ನು ಮತ್ತೆ ಕೆಳಗೆ ಕಳಿಸಿಬಿಡಬೇಡಿ. ಆ ಪುಟ್ಟ ಯಂತ್ರಕ್ಕೆ ಮಾನಾಕ್ಸೈಡ್ ಅಂಟಿದ ರಕ್ತಕ್ಕೂ ಆಮ್ಲಜನಕ ಅಂಟಿದ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಸಾಯುತ್ತಿರುವವನಿಗೂ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಡಿಟೆಕ್ಟರ್ ಎಂದೇ ಬೇರೆ ಉಪಕರಣ ಸಿಗುತ್ತದೆ, ಅಂಕಿ ತೋರಿಸುವುದನ್ನೇ ಕೊಳ್ಳಿ. ಹೊತ್ತುಗಟ್ಟಲೆ ಕೆಲಸ ಮಾಡುವ ಕಡೆ 35 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 35 ಭಾಗ, ದಾಟಬಾರದು. 1200 ಪಿಪಿಎಂ ಇದ್ದ ಜಾಗ ತಕ್ಷಣಕ್ಕೇ ಪ್ರಾಣಾಪಾಯದ್ದು.

ಪೆಲೆಟ್ಟನ್ನು ನೆಲಮಾಳಿಗೆಯಿಂದ ತೆಗೆದು ನೆಲಮಟ್ಟದ ಶೆಡ್ಡಿಗೆ ಹಾಕಿ. ಎದುರುಬದುರು ಜಾಲರಿ ಕಿಟಕಿ ಇರಲಿ, ಸೂರು ಸೋರಬಾರದು. ತಿಂಗಳಿಗೆ ಬೇಕಾದ್ದನ್ನು ಒಮ್ಮೆಲೇ ತರಿಸದೆ ವಾರವಾರ ತರಿಸಿಕೊಳ್ಳಿ. ಅಷ್ಟರವರೆಗೆ, ಬಾಗಿಲು ತೆರೆದು ಫ್ಯಾನಿನಿಂದ ಹೊರಗಿನ ಗಾಳಿ ಒಳಕ್ಕೆ ಬಿಟ್ಟು, ಅಂಕಿ ನೋಡಿ, ಒಬ್ಬ ಬಾಗಿಲಲ್ಲಿ ನಿಂತಿರುವಾಗ ಮಾತ್ರ ಇನ್ನೊಬ್ಬ ಇಳಿಯಲಿ. ಇಳಿದವನು ಬಿದ್ದರೆ ನಿಂತವನು ಹಾರಿ ಒಳಗೆ ಹೋಗಬಾರದು. ಮ್ಯಾನ್‌ಹೋಲುಗಳಲ್ಲಿ ಒಬ್ಬರ ಹಿಂದೆ ಒಬ್ಬರು ಸಾಯುವುದು ಹೀಗೆಯೇ. ಅಗ್ನಿಶಾಮಕದವರಿಗೆ ಫೋನ್ ಮಾಡಬೇಕು. ಮಾಸ್ಕು ಈ ಅನಿಲವನ್ನು ತಡೆಯುವುದಿಲ್ಲ, ಎನ್-95 ಕೂಡ ಇಲ್ಲಿ ಕೆಲಸಕ್ಕೆ ಬಾರದು.

ಇದನ್ನು ಓದಿ ಮನೆಯ ಸೌದೆ ರಾಶಿಗೆ ಯಾರೂ ಗಾಬರಿಯಾಗಬೇಡಿ. ಹಿತ್ತಲಲ್ಲಿರುವ ಜಾಲಿ, ಹುಣಸೆ, ಮಾವಿನ ಸೀಳುಗಳಿಂದ ಮಾನಾಕ್ಸೈಡ್ ಸೇರಿ ಆಳು ಬೀಳುವಂಥದ್ದು ಆಗುವುದಿಲ್ಲ. ಮನೆಮಟ್ಟದ ಸೌದೆಯಲ್ಲಿ ಹೆದರಬೇಕಾದದ್ದು ಬೂಷ್ಟಿಗೆ.

ಪ್ರಶ್ನೆ: ಪಾಂಡವಪುರ ಕಡೆ ನಮ್ಮದು ಆಲೆಮನೆ. ಒಲೆಗೆ ಹಾಕಲು ಒಣಗಿಸಿದ ರಚ್ಚನ್ನು (ರಸ ಹಿಂಡಿದ ಕಬ್ಬಿನ ಸಿಪ್ಪೆ) ಶೆಡ್ಡಿನಲ್ಲಿ ಒಟ್ಟಿರುತ್ತೇವೆ. ಕೆಲಸದವರಲ್ಲಿ ಒಬ್ಬನಿಗೆ ಸಂಜೆಯಾದರೆ ಚಳಿ ಜ್ವರ, ಕೆಮ್ಮು, ಮೈಕೈ ನೋವು. ಮಲೇರಿಯಾ, ಡೆಂಗ್ಯೂ ಏನೂ ಇಲ್ಲವಂತೆ. ಊರಿಗೆ ಹೋಗಿ ಬಂದರೆ ಸರಿಹೋಗಿರುತ್ತಾನೆ, ಬಂದ ಮೇಲೆ ಮತ್ತೆ ಶುರು. ಅವನು ರಾತ್ರಿ ಮಲಗುವುದೂ ರಚ್ಚಿನ ಮಗ್ಗುಲಲ್ಲೇ.

ಉತ್ತರ: ಅವನನ್ನು ಇವತ್ತೇ ಅಲ್ಲಿಂದ ಎಬ್ಬಿಸಿ ಬೇರೆ ಕಡೆ ಮಲಗಿಸಿ.

ನನ್ನ ತವರೂ ಕಬ್ಬಿನ ಸೀಮೆಯದ್ದೇ, ರಚ್ಚಿನ ರಾಶಿ ನಾನು ನೋಡಿ ಬೆಳೆದದ್ದು. ಹೊಸ ರಚ್ಚು ಗಾಣದಿಂದ ಬಂದಾಗ ಸಿಹಿ ವಾಸನೆ, ಅದರಿಂದ ತೊಂದರೆಯಿಲ್ಲ. ಪೂರ್ತಿ ಒಣಗುವ ಮೊದಲೇ ಒಟ್ಟಿದ ರಾಶಿಯ ಹೊಟ್ಟೆಗೆ ಕೈ ಹಾಕಿ ನೋಡಿ, ಬಿಸಿ ತಟ್ಟುತ್ತದೆ. ಉಳಿದ ಸಕ್ಕರೆಯಂಶ, ತೇವ, ಬಿಸಿ ಮೂರೂ ಸೇರಿದಲ್ಲಿ ಥರ್ಮೋಆ್ಯಕ್ಟಿನೋಮೈಸಿಸ್ ಎಂಬ ಸೂಕ್ಷ್ಮಜೀವಿ ಹುಲುಸಾಗಿ ಬೆಳೆಯುತ್ತದೆ. ಅದರ ಒಂದು ಬಗೆಗೆ ಸಕ್ಕರೆಯ ಮೇಲೇ ‘ಸಕ್ಕರಿ’ ಎಂದು ಹೆಸರು. ರಾಶಿ ಕೆದಕಿದಾಗ ಬೀಜಕಣಗಳು ಬೂದಿಯ ಬಣ್ಣದ ದೂಳಾಗಿ ಏಳುತ್ತವೆ. ಇದನ್ನು ಉಸಿರಾಡಿದವರಿಗೆ ಬರುವ ಕಾಯಿಲೆಗೆ ಬಗಾಸೋಸಿಸ್ ಎನ್ನುತ್ತಾರೆ. ಅಮೆರಿಕದ ಲೂಸಿಯಾನಾದ ಕಬ್ಬಿನ ಸೀಮೆಯಲ್ಲಿ ವೈದ್ಯರು 1941ರಲ್ಲೇ ಇದರ ವಿವರ ಪ್ರಕಟಿಸಿದ್ದರು.

ದೂಳು ಕುಡಿದ ತಕ್ಷಣ ಏನೂ ಆಗುವುದಿಲ್ಲ, ಅದಕ್ಕೇ ಯಾರಿಗೂ ರಚ್ಚಿನ ಮೇಲೆ ಅನುಮಾನ ಬರುವುದಿಲ್ಲ. ನಾಲ್ಕರಿಂದ ಎಂಟು ಗಂಟೆ ಕಳೆದ ಮೇಲೆ ಚಳಿ, ಜ್ವರ, ಒಣಕೆಮ್ಮು, ಏದುಸಿರು ಬರುತ್ತದೆ. ಬೆಳಗ್ಗೆ ರಚ್ಚು ಹೊತ್ತವನಿಗೆ ಸಂಜೆ ಜ್ವರ. ಒಂದೆರಡು ದಿನ ದೂರವಿದ್ದರೆ ಇಳಿಯುತ್ತದೆ. ಅಂಗಡಿ ಮಾತ್ರೆಯಿಂದ ಇಳಿಯಿತು ಎಂದುಕೊಂಡು ಮತ್ತೆ ಕೆಲಸಕ್ಕೆ ಬರುತ್ತಾನೆ. ಹೀಗೆ ತಿಂಗಳುಗಳು ಕಳೆದರೆ ಶ್ವಾಸಕೋಶ ಗಟ್ಟಿಯಾಗಿ ಕಲೆಗಟ್ಟುತ್ತದೆ, ಆ ಕಲೆ ಯಾವ ಔಷಧಿಗೂ ಹೋಗುವುದಿಲ್ಲ. ಈಗಲೇ ದೂರವಾದರೆ ಪೂರ್ತಿ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆಗೋ ಕಳಿಸಿ, ಎರಡೂ ಸರ್ಕಾರಿ. ಅವನ ಕೈಗೆ ಒಂದು ಚೀಟಿ ಬರೆದು ಕೊಡಿ: ‘ಆಲೆಮನೆ ಕೆಲಸ, ಬೂಷ್ಟು ಹಿಡಿದ ರಚ್ಚಿನ ದೂಳು, ರಚ್ಚಿನ ಪಕ್ಕ ಮಲಗುತ್ತಾನೆ’ ಎಂದು. ನಮ್ಮ ಭಾಷೆ ಬಾರದ ಹೊರಗಿನವನಾದರೆ ಈ ಚೀಟಿ ಇನ್ನೂ ಮುಖ್ಯ. ಆಸ್ಪತ್ರೆಗೆ ಹೋದ ದಿನದ ಕೂಲಿ ಹಿಡಿಯಬೇಡಿ. ಕಾಯಿಲೆ ಬಂದದ್ದು ನಿಮ್ಮ ಕೆಲಸದಿಂದ.

ರಚ್ಚನ್ನು ಕಣದಲ್ಲಿ ತೆಳ್ಳಗೆ ಹರಡಿ, ಕೈಯಲ್ಲಿ ಮುರಿದರೆ ಪಟ್ ಎನ್ನುವ ಮಟ್ಟಿಗೆ ಒಣಗಿಸಿದ ಮೇಲೆ ಒಟ್ಟಿ. ಒಂದೇ ದೊಡ್ಡ ರಾಶಿಗಿಂತ ಸಣ್ಣಸಣ್ಣ ರಾಶಿಗಳಿರಲಿ, ಹಳೆಯದು ಮೊದಲು ಖಾಲಿಯಾಗಲಿ. ಮಳೆಗೆ ನೆಂದು ಕಪ್ಪಗಾದ ರಚ್ಚನ್ನು ಒಲೆಗೆ ಹಾಕುವ ಆಸೆ ಬೇಡ, ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತದೆ. ಹೊರುವವರಿಗೆ ಎನ್-95 ಕೊಡಿಸಿ, ಅವರು ಮಲಗಲು ಬೇರೆ ಸೂರು ಮಾಡಿಕೊಡಿ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಬೀದಿಯ ಹಳೇ ಮನೆ ಕೆಡವಿದರು. ಅಲ್ಲಿಯ ಬಾಗಿಲು ಕಿಟಕಿ ಚೌಕಟ್ಟು, ಬಡಗಿಯವರಿಂದ ಪ್ಲೈವುಡ್ ತುಂಡು ಪುಕ್ಕಟೆ ಸಿಕ್ಕಿತು. ಬಾಯ್ಲರ್ ಒಲೆಗೆ ಎಂದು ಸ್ಟೋರ್ ರೂಮಿನಲ್ಲಿ ತುಂಬಿದ್ದೇವೆ. ಒಳಗೆ ಹೋದರೆ ಕಣ್ಣುರಿ. ಯಾಕೆ?

ಉತ್ತರ: ಕಣ್ಣುರಿ ಪ್ಲೈವುಡ್ಡಿನದ್ದಿರಬೇಕು. ಅದರ ಪದರಗಳನ್ನು ಹಿಡಿದಿಟ್ಟ ಅಂಟಿನಿಂದ ಫಾರ್ಮಾಲ್ಡಿಹೈಡ್ ನಿಧಾನವಾಗಿ ಹೊರಬರುತ್ತದೆ. ಸೆಕೆ, ತೇವ ಹೆಚ್ಚಿದಷ್ಟೂ ಜಾಸ್ತಿ ಬರುತ್ತದೆ. ಕಣ್ಣು, ಮೂಗು, ಗಂಟಲು ಉರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮರದ ದೂಳೂ ಅದೇ ಗುಂಪಿನಲ್ಲಿದೆ.

ಹಳೇ ಬಾಗಿಲು ಬೇರೆ ಥರದ ಅಪಾಯ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಾಗಿಲಿನ ಪೇಂಟಿನಲ್ಲಿ ಸೀಸ ಇದೆಯೆಂದೇ ತಿಳಿದು ನಡೆಯುವುದು ಒಳ್ಳೆಯದು. ಅದು ಚಕ್ಕೆಯೆದ್ದು ಸ್ಟೋರ್ ರೂಮಿನ ದೂಳಿಗೆ ಸೇರುತ್ತದೆ. ಉರಿಸಿದರೆ ಹೊಗೆಗೂ ಬೂದಿಗೂ ಹೋಗುತ್ತದೆ. ಆ ಬೂದಿಯಲ್ಲಿ ಪಾತ್ರೆ ತಿಕ್ಕುತ್ತೀರಾ? ಕರಿಬೇವಿನ ಗಿಡದ ಬುಡಕ್ಕೆ ಹಾಕುತ್ತೀರಾ? ಎರಡನ್ನೂ ನಿಲ್ಲಿಸಿ. ಮಕ್ಕಳ ಮಿದುಳಿಗೆ ಇಷ್ಟೇ ಸೀಸವಾದರೆ ಪರವಾಗಿಲ್ಲ ಎಂಬ ಮಿತಿಯೇ ಇಲ್ಲ. ತೇಗದ ಬಾಗಿಲಾದರೆ ಹಳೇ ಸಾಮಾನಿನ ಮಂಡಿಯವರು ಕೊಳ್ಳುತ್ತಾರೆ, ಆ ದುಡ್ಡಿಗೆ ಒಳ್ಳೆಯ ಸೌದೆ ಬರುತ್ತದೆ.

ಪ್ರಶ್ನೆ: ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮಳೆ, ಥಂಡಿ. ನೀರೊಲೆಯ ಕೆಂಡ ಬಾಣಲೆಗೆ ತುಂಬಿ ಮಂಚದ ಕೆಳಗೆ ಇಡ್ತೀನಿ, ಇದ್ದಿಲ ಮೂಟೆಯೂ ಅದೇ ರೂಮಿನ ಮೂಲೇಲಿದೆ. ಹೊಗೆ ಒಂಚೂರೂ ಇಲ್ಲ. ಗಾಳಿ ತಾಕಬಾರದು ಅಂತ ಕಿಟಕಿ ಮುಚ್ಚಿರ್ತೀನಿ. ಆದರೂ ಮಗಳು ತಲೆ ಸಿಡಿಯುತ್ತೆ ಅಂತಾಳೆ. ಬಾಣಂತಿ ಸನ್ನಿಯಾ? (ಮಳವಳ್ಳಿ)

ಉತ್ತರ: ಅಮ್ಮಾ, ಇದನ್ನು ಓದಿದ ಕೂಡಲೇ ಆ ಬಾಣಲೆ ಅಂಗಳಕ್ಕೆ ಹೋಗಲಿ, ಕಿಟಕಿ ತೆಗೆಯಿರಿ. ನೀವು ಪ್ರೀತಿಯಿಂದ ಮಾಡುತ್ತಿರುವುದು ನನಗೆ ಗೊತ್ತು. ಆದರೆ ಹೊಗೆಯಿಲ್ಲದ ಕೆಂಡವೇ ಹೆಚ್ಚು ಅಪಾಯದ್ದು. ಹೊಗೆಯಿದ್ದರೆ ಕಣ್ಣುರಿದು ಎದ್ದು ಆಚೆ ಬರುತ್ತೀರಿ. ಕೆಂಡದಿಂದ ಬರುವ ಮಾನಾಕ್ಸೈಡ್ ಕಣ್ಣುರಿಸದು, ಕೆಮ್ಮಿಸದು, ನಿದ್ದೆ ಬರಿಸುತ್ತದೆ. ಮೇಲೆ ಬೂದಿ ಮುಚ್ಚಿ ಆರಿದಂತೆ ಕಂಡರೂ ಒಳಗೆ ಗಂಟೆಗಟ್ಟಲೆ ಉರಿಯುತ್ತಿರುತ್ತದೆ. ನಿಮ್ಮ ಮಗಳು ತಲೆನೋವು ಎಂದು ಬಾಯಿಬಿಟ್ಟು ಹೇಳಿದಳು, ಕೂಸಿಗೆ ಅದು ಆಗದು. ಹಾಲು ಕುಡಿಯದೆ ಮಲಗಿದರೆ ‘ಸದ್ಯ, ಮಗು ನಿದ್ದೆ ಮಾಡಿತು’ ಎಂದುಕೊಂಡುಬಿಡುತ್ತೇವೆ. ಸಾಂಬ್ರಾಣಿ ಹೊಗೆಯನ್ನೂ ಕೂಸಿನ ತಲೆಗೆ ಹಿಡಿಯುವುದು ಬೇಡ.

ಕೂಸಿಗೆ ತಲೆಗೊಂದು ಕುಲಾವಿ, ಕಾಲಿಗೆ ಚೀಲ ಹಾಕಿ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ ಮೇಲೆ ಕಂಬಳಿ ಹೊದಿಸಿ. ನವಜಾತ ಶಿಶುವಿಗೆ ಆಸ್ಪತ್ರೆಗಳಲ್ಲೂ ಹೀಗೆಯೇ ಬಿಸಿ ಕೊಡಿಸುತ್ತೇವೆ. ಬಾಣಂತಿಗೆ ಬಿಸಿನೀರು ಬೇಕಾದಷ್ಟು ಹಾಕಿ, ನೀರೊಲೆ ಬಚ್ಚಲಲ್ಲಿ ಉರಿಯಲಿ. ಇದ್ದಿಲ ಮೂಟೆಯನ್ನು ಕೊಟ್ಟಿಗೆಯ ಕಡೆ ಸಾಗಿಸಿ. ಒಲೆಯಿಂದ ಆಗತಾನೆ ತೆಗೆದ ಇದ್ದಿಲನ್ನು ಮಾತ್ರ ಮೂಟೆಗೆ ಸೇರಿಸಬೇಡಿ. ಆರಿದೆ ಎಂದುಕೊಂಡದ್ದು ಮೂಟೆಯೊಳಗೆ ಮತ್ತೆ ಹೊತ್ತಿಕೊಳ್ಳುತ್ತದೆ. ಮುಚ್ಚಳದ ತಗಡಿನ ಡಬ್ಬದಲ್ಲಿ ಒಂದು ದಿನ ಹೊರಗಿಟ್ಟು ಆಮೇಲೆ ಸೇರಿಸಿ.

ಹೆರಿಗೆಯ ನಂತರದ ತಲೆನೋವಿಗೆ ರಕ್ತದೊತ್ತಡವೂ ಕಾರಣವಿರಬಹುದು. ಕೆಂಡ ತೆಗೆದರೂ ನಿಲ್ಲದಿದ್ದರೆ ಅಥವಾ ಕಣ್ಣು ಮಂಜಾದರೆ ಅವತ್ತೇ ಬಿಪಿ ನೋಡಿಸಿ. ಮಗಳಿಗೆ ವಾಕರಿಕೆ, ಮಂಪರು ಬಂದರೆ, ಕೂಸು ಎಬ್ಬಿಸಿದರೂ ಏಳದಿದ್ದರೆ, ಇಬ್ಬರನ್ನೂ ಹೊರಗಿನ ಗಾಳಿಗೆ ತಂದು 108ಕ್ಕೆ ಫೋನ್ ಮಾಡಿ. ಆಂಬುಲೆನ್ಸಿನವರಿಗೂ ಆಸ್ಪತ್ರೆಯವರಿಗೂ ‘ಕೆಂಡ ಇಟ್ಟ ಮುಚ್ಚಿದ ರೂಮಿನಲ್ಲಿದ್ದರು’ ಎಂದು ಮೊದಲ ಮಾತಿಗೇ ಹೇಳಿ, ಆಮ್ಲಜನಕ ಬೇಗ ಕೊಡುತ್ತಾರೆ.